ಡಿಟೆಕ್ಟರ್ ಇದ್ದೂ ಎರಡು ದಂಡ: ತಪ್ಪು ಯಂತ್ರದ್ದೇ, ನನ್ನದೇ?

ಮೈಲಿಗಲ್ಲು

ಎಂಟು ತಿಂಗಳ ಹಿಂದೆ ಒಂದು ರಾಡಾರ್ ಡಿಟೆಕ್ಟರ್ ಕೊಂಡೆ; ಪೊಲೀಸರು ವೇಗ ಅಳೆಯಲು ಬಿಡುವ ಅಲೆ ತಾಗಿದರೆ ಕೂಗಿ ಎಚ್ಚರಿಸುವ ಪೆಟ್ಟಿಗೆ. ನಾನಿರುವಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸದ ನಿಮಿತ್ತ ವಾರಕ್ಕೆರಡು ಸಲ 260 ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗಿಬರುತ್ತೇನೆ. ಅದಕ್ಕೂ ಮುಂಚಿನ ಹನ್ನೆರಡು ವರ್ಷಗಳಲ್ಲಿ ನನಗೆ ಬಿದ್ದದ್ದು ಒಂದೇ ದಂಡ. ಡಿಟೆಕ್ಟರ್ ಬಂದ ಮೇಲೆ ಒಂದೇ ತಿಂಗಳಲ್ಲಿ ಎರಡು.

ಮೊದಲನೆಯದು ಹೀಗಾಯಿತು. ಮಿತಿ 100. ನನ್ನ ಮೀಟರ್ 124 ತೋರಿಸುತ್ತಿತ್ತು. ರಸ್ತೆ ಖಾಲಿ, ಯಂತ್ರ ಮೌನ. ಮೇಲ್ಸೇತುವೆ ಕಾಣಿಸಿದ ಕೂಡಲೇ ಅದು ಕಿರುಚಿಕೊಂಡಿತು. ಎಲ್ಲ ದೀಪಗಳೂ ಕೆಂಪು, ಪರದೆಯ ಮೇಲೆ ‘ಲೇಸರ್’ ಎಂಬ ಪದ. ಬ್ರೇಕ್ ಒತ್ತಿದೆ. ಸೇತುವೆಯ ಕಂಬದ ಪಕ್ಕ ನಿಂತಿದ್ದ ಪೊಲೀಸ್ ಅಧಿಕಾರಿ ಅವಸರವಿಲ್ಲದೆ ಕೈ ತೋರಿಸಿದರು. ಅವರ ಕೈಯಲ್ಲಿದ್ದ ವೇಗ ಅಳೆಯುವ ಗನ್ನಿನಲ್ಲಿ 118 ಇತ್ತು. ಎರಡನೆಯದು ಅಂಚೆಯಲ್ಲಿ ಬಂತು. ಸರಾಸರಿ ವೇಗ ಅಳೆಯುವ ಭಾಗವಂತೆ. ಅಲ್ಲಿ ಯಂತ್ರ ತುಟಿಪಿಟಕ್ಕೆನ್ನಲಿಲ್ಲ.

ಹಿಂಬದಿಯಲ್ಲೂ ಆಂಟೆನಾ ಇರುವ ದುಬಾರಿ ಮಾದರಿ ಕೊಳ್ಳಬೇಕೇ? ಮೊಬೈಲ್ ಆ್ಯಪ್ ಸಾಕೇ? ‘ನಿಧಾನವಾಗಿ ಹೋಗಿ’ ಎಂಬ ಉತ್ತರ ನನಗೂ ಗೊತ್ತು. ಅದನ್ನು ಬಿಟ್ಟು ಬೇರೆ ಏನಾದರೂ ಹೇಳುವವರು ಹೇಳಿ.

ತರಂಗ

ನಿಮ್ಮ ಯಂತ್ರ ಕೆಟ್ಟಿಲ್ಲ. ಅದನ್ನು ಯಾವ ಕೆಲಸಕ್ಕೆ ಮಾಡಿದ್ದಾರೋ ಆ ಕೆಲಸ ಮಾಡಿದೆ. ಆ ಕೆಲಸ ಏನು ಎಂಬುದನ್ನು ಮಾರುವವರು ನಿಮಗೆ ಪೂರ್ತಿ ಹೇಳಿರಲಿಕ್ಕಿಲ್ಲ.

ರಾಡಾರ್ ಗನ್ ರೇಡಿಯೊ ಅಲೆಯನ್ನು ಎಸೆಯುತ್ತದೆ. ಅಲೆ ಕಾರಿಗೆ ಬಡಿದು ಹಿಂದಿರುಗುವಾಗ ಅದರ ಆವರ್ತನ ತುಸು ಬದಲಾಗಿರುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಪರಿಣಾಮವೇ ಇದು. 24.15 ಗಿಗಾಹರ್ಟ್ಸ್‌ನ ಕೆ ಬ್ಯಾಂಡ್ (ರಾಡಾರ್ ಬಳಸುವ ಆವರ್ತನ ಪಟ್ಟಿಗಳಲ್ಲಿ ಒಂದು) ಗನ್ನಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಉಂಟುಮಾಡುವ ಬದಲಾವಣೆ ಸುಮಾರು 4,470 ಹರ್ಟ್ಸ್. ಅದು ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇದೆ. ಹಾಗಾಗಿ ಎಷ್ಟೋ ಗನ್ನುಗಳು ಅದನ್ನು ಸಿಳ್ಳೆಯಾಗಿಯೇ ಕೇಳಿಸುತ್ತವೆ. ಅನುಭವಿ ಅಧಿಕಾರಿ ಪರದೆ ನೋಡುವ ಮೊದಲೇ ವೇಗವನ್ನು ಅಂದಾಜು ಮಾಡುತ್ತಾರೆ.

ಡಿಟೆಕ್ಟರ್‌ಗೆ ಇಲ್ಲಿ ಒಂದು ಸಹಜ ಅನುಕೂಲವಿದೆ. ಅಲೆ ನಿಮ್ಮವರೆಗೆ ಬಂದರೆ ಅದಕ್ಕೆ ಸಾಕು. ಗನ್ನಿಗೆ ಅದು ಹೋಗಿ, ಬಡಿದು, ತಿರುಗಿ ಬರಬೇಕು. ದೂರ ಎರಡು ಪಟ್ಟಾದರೆ ಡಿಟೆಕ್ಟರ್‌ಗೆ ಸಿಗುವ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಗನ್ನಿಗೆ ಸಿಗುವುದು ಹದಿನಾರನೇ ಒಂದು ಪಾಲಿಗೆ. ಜತೆಗೆ ರಾಡಾರ್ ಕಿರಣ ಅಗಲವಾದದ್ದು. ರಸ್ತೆ, ಫಲಕ, ಮುಂದಿನ ಲಾರಿ ಎಲ್ಲದರಿಂದಲೂ ಚದುರುತ್ತದೆ. ಅದಕ್ಕಾಗಿಯೇ ಗನ್ನು ನಿಮ್ಮನ್ನು ಅಳೆಯುವುದಕ್ಕೆ ಬಹಳ ಮುಂಚೆ ಡಿಟೆಕ್ಟರ್ ಅದರ ಸದ್ದು ಹಿಡಿಯಬಲ್ಲದು. ಈ ಇಡೀ ವ್ಯಾಪಾರ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ಲೇಸರ್ ಗನ್ನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. 904 ನ್ಯಾನೊಮೀಟರ್‌ನ ಅವಕೆಂಪು ಬೆಳಕಿನ ಸಣ್ಣ ಸಣ್ಣ ಮಿಡಿತಗಳನ್ನು ಕಳಿಸಿ, ಪ್ರತಿಯೊಂದೂ ತಿರುಗಿ ಬರಲು ಹಿಡಿದ ಸಮಯದಿಂದ ದೂರವನ್ನೂ, ದೂರ ಬದಲಾಗುವ ರೀತಿಯಿಂದ ವೇಗವನ್ನೂ ಅದು ಕಂಡುಹಿಡಿಯುತ್ತದೆ. ಕಿರಣ 300 ಮೀಟರ್ ದೂರದಲ್ಲಿ ಹೆಚ್ಚುಕಡಿಮೆ ಒಂದು ಮೀಟರಿನಷ್ಟೇ ಅಗಲ. ಅಂದರೆ ನಿಮ್ಮ ನಂಬರ್ ಪ್ಲೇಟಿಗೆ ಗುರಿಯಿಟ್ಟರೆ ಪಕ್ಕದ ಕಾರಿಗೂ ಗೊತ್ತಾಗುವುದಿಲ್ಲ. ಅರ್ಧ ಸೆಕೆಂಡಿನೊಳಗೆ ಅಳತೆ ಮುಗಿದಿರುತ್ತದೆ. ನೀವು ಕೇಳಿದ ಕಿರುಚಾಟ ಎಚ್ಚರಿಕೆಯಲ್ಲ, ರಸೀದಿ.

ಹಳೆಯ ಸ್ಟಿಯರಿಂಗ್

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಹಾಗೆ.

ಐದನೇ ಗೇರ್

ರಸೀದಿ ಎಂಬ ಮಾತು ಚೆನ್ನಾಗಿದೆ, ಆದರೆ ಅರ್ಧ ಸತ್ಯ. ಹತ್ತು ವರ್ಷಗಳಿಂದ ಡಿಟೆಕ್ಟರ್ ಬಳಸುತ್ತಿದ್ದೇನೆ. ಈ ಯಂತ್ರವನ್ನು ಗೋಡೆಗೆ ಹಚ್ಚಿದ ಹೊಗೆಯ ಅಲಾರಂ ಎಂದುಕೊಂಡವರಿಗೆ ದಂಡ ಬೀಳುತ್ತದೆ. ಅದನ್ನು ಓದಲು ಕಲಿತವರಿಗೆ ಬೀಳುವುದಿಲ್ಲ.

ಅಧಿಕಾರಿಗಳು ಗನ್ನನ್ನು ಸದಾ ಹಾಕಿಟ್ಟಿರುವುದಿಲ್ಲ. ವಾಹನ ಹತ್ತಿರ ಬಂದಾಗ ಮಾತ್ರ ಒತ್ತುತ್ತಾರೆ. ಆದ್ದರಿಂದ ನಿಮ್ಮ ಯಂತ್ರಕ್ಕೆ ಕೇಳಿಸಬೇಕಾದದ್ದು ನಿಮ್ಮ ಮೇಲೆ ಬಿದ್ದ ಅಲೆಯಲ್ಲ, ನಿಮಗಿಂತ ಒಂದು ಕಿಲೋಮೀಟರ್ ಮುಂದಿರುವವನ ಮೇಲೆ ಬಿದ್ದದ್ದು. ಎರಡು ಸೆಕೆಂಡು ಸಣ್ಣಗೆ ಸದ್ದು ಬಂದು ನಿಂತುಹೋದರೆ ಹೊಸಬ ‘ಸುಳ್ಳು ಅಲಾರಂ’ ಎನ್ನುತ್ತಾನೆ. ನಾನು ಕಾಲು ತೆಗೆಯುತ್ತೇನೆ. ಖಾಲಿ ರಸ್ತೆಯಲ್ಲಿ ಒಬ್ಬರೇ ಮುಂದಾಗಿ ಹೋಗಬಾರದು ಎಂಬುದು ಮೊದಲ ಪಾಠ. ಸ್ನೇಹಿತರೇ, ನೀವೇ ಬರೆದಿದ್ದೀರಿ: ‘ರಸ್ತೆ ಖಾಲಿ, ಯಂತ್ರ ಮೌನ’. ಖಾಲಿ ರಸ್ತೆಯಲ್ಲಿ ಮೌನಕ್ಕೆ ಅರ್ಥವಿಲ್ಲ.

ಆಮೇಲೆ ಸುಳ್ಳು ಅಲಾರಂಗಳು. ತಾವಾಗಿ ತೆರೆದುಕೊಳ್ಳುವ ಅಂಗಡಿ ಬಾಗಿಲುಗಳು ಅದೇ ಕೆ ಬ್ಯಾಂಡಿನಲ್ಲಿ ಅಲೆ ಬಿಡುತ್ತವೆ. ಕಾರುಗಳ ಪಕ್ಕದಲ್ಲಿರುವ ಕುರುಡುಜಾಗ ನೋಡುವ ರಾಡಾರ್‌ಗಳಲ್ಲೂ ಎಷ್ಟೋ 24 ಗಿಗಾಹರ್ಟ್ಸ್‌ನವು. ಅಗ್ಗದ ಯಂತ್ರ ಇವೆಲ್ಲಕ್ಕೂ ಬೊಗಳುತ್ತದೆ. ಒಳ್ಳೆಯದರಲ್ಲಿ ಜಿಪಿಎಸ್ ಇರುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಸಂಕೇತವನ್ನು ನೆನಪಿಟ್ಟು ಸುಮ್ಮನಾಗುತ್ತದೆ. ನಿಮ್ಮದು ಅಗ್ಗದ್ದು ಎಂದು ನನ್ನ ಅಂದಾಜು.

ಮೈಲಿಗಲ್ಲು

ಅಗ್ಗದ್ದೇ. ‘ತೋಳ ಬಂತು ತೋಳ’ ಎಂದು ಎಷ್ಟು ಸಲ ಕೂಗಿತೆಂದರೆ ಮೂರನೇ ತಿಂಗಳಲ್ಲಿ ನಾನು ಅದರ ಧ್ವನಿಯನ್ನು ಅರ್ಧಕ್ಕೆ ಇಳಿಸಿದ್ದೆ.

ಬಿಳಿಗೆರೆ

ಎರಡನೆಯ ದಂಡದ ವಿಷಯಕ್ಕೆ ಯಾರೂ ಬಂದಿಲ್ಲ. ರಸ್ತೆ ವಿನ್ಯಾಸ ನನ್ನ ಹೊಟ್ಟೆಪಾಡು, ಆದ್ದರಿಂದ ನಾನು ಬರುತ್ತೇನೆ.

ಸರಾಸರಿ ವೇಗದ ವ್ಯವಸ್ಥೆ ನಿಮ್ಮ ಮೇಲೆ ರಾಡಾರನ್ನೂ ಬಿಡುವುದಿಲ್ಲ, ಲೇಸರನ್ನೂ ಬಿಡುವುದಿಲ್ಲ. ಒಂದು ಕಡೆ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತದೆ, ಕೆಲವು ಕಿಲೋಮೀಟರ್ ಆಚೆ ಇನ್ನೊಂದು ಕ್ಯಾಮೆರಾ ಅದನ್ನೇ ಮಾಡುತ್ತದೆ. ಉಳಿದದ್ದು ಭಾಗಾಕಾರ. ಬ್ರಿಟನ್ನಿನಲ್ಲಿ ‘ಸ್ಪೆಕ್ಸ್’ ಎಂಬ ಹೆಸರಿನಲ್ಲಿ ಇದು 1999ರಿಂದ ಇದೆ. ಇಟಲಿಯ ಮೋಟಾರುದಾರಿಗಳಲ್ಲಿ ‘ಟ್ಯೂಟರ್’ ಎಂಬ ಹೆಸರಿನಲ್ಲಿ 2005ರಿಂದ. ಕೇಳಿಸಿಕೊಳ್ಳಲು ಇಲ್ಲಿ ಏನೂ ಇಲ್ಲ. ಹಿಂದೆ ಆಂಟೆನಾ ಇಟ್ಟರೂ, ಚಾವಣಿಯ ಮೇಲೆ ಇಟ್ಟರೂ ಅಷ್ಟೆ. ರಸ್ತೆಯಲ್ಲೇ ಹೂತಿಟ್ಟ ತಂತಿಯ ಸುರುಳಿಗಳೂ ಒತ್ತಡ ಅರಿಯುವ ಪಟ್ಟಿಗಳೂ ಹಾಗೆಯೇ. ಎರಡು ಪಟ್ಟಿಗಳ ನಡುವೆ ಚಕ್ರ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಎಣಿಸುತ್ತವೆ, ಗಾಳಿಗೆ ಏನನ್ನೂ ಬಿಡುವುದಿಲ್ಲ.

ನಡುವೆ ಎಚ್ಚೆತ್ತು ಸರಿಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹತ್ತು ಕಿಲೋಮೀಟರಿನ ಭಾಗ, ಮಿತಿ 100 ಎಂದುಕೊಳ್ಳಿ. ಆರು ನಿಮಿಷ ಹಿಡಿಯಬೇಕು. ಮೊದಲ ಐದು ಕಿಲೋಮೀಟರನ್ನು 125ರಲ್ಲಿ ದಾಟಿದರೆ 2 ನಿಮಿಷ 24 ಸೆಕೆಂಡು ಆಯಿತು. ಉಳಿದ ಐದನ್ನು 3 ನಿಮಿಷ 36 ಸೆಕೆಂಡಿನಲ್ಲಿ, ಅಂದರೆ 83ರಲ್ಲಿ ತೆವಳಬೇಕು. ಉಳಿಸಿದ್ದನ್ನೆಲ್ಲ ಅಲ್ಲೇ ಹಿಂದಿರುಗಿಸಿದ ಹಾಗಾಯಿತು.

ಇಲ್ಲಿ ಒಂದು ಉಪಕಥೆ ಹೇಳದೆ ಇರಲಾರೆ. ಜಗತ್ತಿನ ಎಷ್ಟೋ ದೇಶಗಳಲ್ಲಿ ಚಾಲಕರು ಬೈದುಕೊಳ್ಳುವ, ವೇಗ ಅಳೆಯುವ ಗ್ಯಾಟ್ಸೊ ಕ್ಯಾಮೆರಾ ಇದೆಯಲ್ಲ, ಅದರ ಮೂಲಪುರುಷ ಮಾರಿಸ್ ಗ್ಯಾಟ್ಸೊನಿಡೀಸ್ ಪೊಲೀಸನೂ ಅಲ್ಲ, ಸುರಕ್ಷತಾ ತಜ್ಞನೂ ಅಲ್ಲ. ಡಚ್ ರ್‍ಯಾಲಿ ಚಾಲಕ. 1953ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದವನು. ತಿರುವುಗಳಲ್ಲಿ ತನ್ನ ವೇಗವನ್ನು ಅಳೆದುಕೊಂಡು ಇನ್ನೂ ಜೋರಾಗಿ ಹೋಗಬೇಕೆಂದು ಅವನು ಆ ಉಪಕರಣ ಕಟ್ಟಿದ್ದು. ನಿಮಗೆ ದಂಡ ಹಾಕುವ ಪೆಟ್ಟಿಗೆ ಹುಟ್ಟಿದ್ದೇ ವೇಗದ ಹುಚ್ಚಿನಿಂದ.

ತಾಳೆಪಟ್ಟಿ

ಮೀಟರಿನಲ್ಲಿ 124, ಗನ್ನಿನಲ್ಲಿ 118. ಈ ಆರರ ವ್ಯತ್ಯಾಸ ಎಲ್ಲಿಂದ ಬಂತು ಎಂದು ಯಾರಿಗೂ ಅನುಮಾನ ಬರಲಿಲ್ಲವೇ? ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು; ನಿಜವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ ಗಂಟೆಗೆ 4 ಕಿಲೋಮೀಟರಿನವರೆಗೆ. ನಿಜವೇಗ 100 ಇದ್ದಾಗ ಮುಳ್ಳು 114ರಲ್ಲಿದ್ದರೂ ನಿಯಮ ಮುರಿದಂತಲ್ಲ. ತಯಾರಕರು ಎಚ್ಚರಿಕೆಗಾಗಿ ತುಸು ಮೇಲಕ್ಕೇ ಇಟ್ಟಿರುತ್ತಾರೆ.

ತೊಂದರೆ ಏನೆಂದರೆ ಈ ಗುಟ್ಟು ಗೊತ್ತಾದವರು ಅದನ್ನೂ ಖರ್ಚು ಮಾಡುತ್ತಾರೆ. ಜಿಪಿಎಸ್ ನೋಡಿಕೊಂಡು, ಮೀಟರಿನ ಸುಳ್ಳನ್ನು ಕಳೆದು, ಮಿತಿಗಿಂತ ತುಸು ಮೇಲಾದರೂ ಕ್ಯಾಮೆರಾ ಬಿಡುವ ರಿಯಾಯಿತಿಯನ್ನು ಕೂಡಿಸಿ, ‘ನನಗೆ ಹನ್ನೊಂದು ಕಿಲೋಮೀಟರ್ ಬಾಕಿ ಬರಬೇಕು’ ಎನ್ನುವ ಸಹೋದ್ಯೋಗಿಯೊಬ್ಬರು ನನಗಿದ್ದಾರೆ. ಲೆಕ್ಕ ಬರೆಯುವವನಾಗಿ ನನಗೆ ಅವರ ಮೇಲೆ ಗೌರವವಿದೆ. ಅವರ ಕಾರಿನಲ್ಲಿ ಕೂರುವುದಿಲ್ಲ.

ಮೈಲಿಗಲ್ಲು

ಹಾಗಾದರೆ ಗನ್ನೇ ತಪ್ಪು ತೋರಿಸುವ ಸಾಧ್ಯತೆ? ಆ ಅಧಿಕಾರಿ ರಸ್ತೆಯ ಅಂಚಿನಲ್ಲಿದ್ದರು, ನೇರಕ್ಕೆ ಇರಲಿಲ್ಲ.

ತರಂಗ

ಅಂಚಿನಿಂದ ಅಳೆದರೆ ಸಿಗುವುದು ನಿಮ್ಮ ವೇಗದ ಒಂದು ಪಾಲು ಮಾತ್ರ. ಕೋನ 20 ಡಿಗ್ರಿ ಇದ್ದರೆ 100 ಎನ್ನುವುದು 94 ಆಗಿ ಕಾಣುತ್ತದೆ. ಅಂದರೆ ನಿಂತ ಗನ್ನಿನ ಕೋನದ ತಪ್ಪು ಯಾವಾಗಲೂ ನಿಮ್ಮ ಪರ. ಓಡುತ್ತಿರುವ ಪೊಲೀಸ್ ಕಾರಿನ ರಾಡಾರ್‌ನಲ್ಲಿ ಮಾತ್ರ ಇದು ತಿರುಗುಮುರುಗಾಗಬಹುದು. ಅದು ತನ್ನದೇ ವೇಗವನ್ನು ಕಡಿಮೆಯಾಗಿ ಓದಿಕೊಂಡರೆ ಆ ಕೊರತೆ ಎದುರು ಬರುವವನ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಪ್ರಕರಣದಲ್ಲಿ ಅವರು ನಿಂತಿದ್ದರು. ಈ ಬಾಗಿಲು ಬಿಟ್ಟುಬಿಡಿ.

ಮೈಲಿಗಲ್ಲು

ಬಿಟ್ಟೆ. ಲೇಸರ್ ಜ್ಯಾಮರ್ ಹೇಗೆ?

ಕಾಯಿದೆಕಟ್ಟಳೆ

ಅಲ್ಲಿಗೇ ನಿಲ್ಲಿ. ಕೇಳುವ ಯಂತ್ರ ಬೇರೆ, ಅಡ್ಡಿಪಡಿಸುವ ಯಂತ್ರ ಬೇರೆ. ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅಮೆರಿಕದಲ್ಲಿ ಖಾಸಗಿ ಕಾರಿನಲ್ಲಿ ಡಿಟೆಕ್ಟರ್ ಇಡುವುದು ವರ್ಜೀನಿಯಾ ರಾಜ್ಯ ಮತ್ತು ವಾಷಿಂಗ್ಟನ್ ಡಿ.ಸಿ. ಬಿಟ್ಟರೆ ಸಾಮಾನ್ಯವಾಗಿ ತಪ್ಪಲ್ಲ. ಆದರೆ ರಾಡಾರ್ ಜ್ಯಾಮರ್ ಇಡೀ ದೇಶದಲ್ಲಿ ಅಪರಾಧ. ಬ್ರಿಟನ್ನಿನಲ್ಲಿ 1998ರ ಹೈಕೋರ್ಟ್ ತೀರ್ಪು ಡಿಟೆಕ್ಟರನ್ನು ಉಳಿಸಿತು. ಅದೇ ದೇಶದಲ್ಲಿ ಜ್ಯಾಮರ್ ಹಾಕಿಕೊಂಡವರ ಮೇಲೆ ನ್ಯಾಯದ ದಾರಿ ತಪ್ಪಿಸಿದ ಆರೋಪ ಹೊರಿಸಿ ಜೈಲಿಗೆ ಕಳಿಸಿದ್ದುಂಟು. ವೇಗದ ದಂಡದಿಂದ ತಪ್ಪಿಸಿಕೊಳ್ಳಲು ಹೋಗಿ ಜೈಲು ಸೇರುವುದು ಯಾವ ಲಾಭದ ವ್ಯಾಪಾರವೋ ನನಗೆ ತಿಳಿಯದು.

ಗಡಿ ದಾಟುವವರು ಇನ್ನೂ ಎಚ್ಚರವಾಗಿರಬೇಕು. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳಲ್ಲಿ ಡಿಟೆಕ್ಟರ್‌ಗೆ ಅಡ್ಡಿಯಿಲ್ಲ, ಉಳಿದ ಪ್ರಾಂತ್ಯಗಳಲ್ಲಿ ನಿಷೇಧ. ಸ್ವಿಟ್ಜರ್ಲೆಂಡಿನಲ್ಲಿ ಸಂಪೂರ್ಣ ನಿಷೇಧ. ಜರ್ಮನಿಯಲ್ಲಿ ಚಾಲಕ ಮೊಬೈಲ್ ಆ್ಯಪ್‌ನ ಕ್ಯಾಮೆರಾ ಎಚ್ಚರಿಕೆಯನ್ನೂ ಬಳಸುವಂತಿಲ್ಲ. ‘ಫೋನು ಪಕ್ಕದಲ್ಲಿ ಕೂತವರದು’ ಎಂಬ ಸಬೂಬನ್ನು ಕಾರ್ಲ್ಸ್‌ರೂಹೆಯ ನ್ಯಾಯಾಲಯ 2023ರಲ್ಲಿ ಒಪ್ಪಲಿಲ್ಲ. ಫ್ರಾನ್ಸಿನದು ಜಾಣ ದಾರಿ. ಅಲ್ಲಿ ಕ್ಯಾಮೆರಾದ ನಿಖರ ಜಾಗ ಹೇಳುವಂತಿಲ್ಲ, ‘ಅಪಾಯದ ವಲಯ’ ಎಂದಷ್ಟೇ ಹೇಳಬಹುದು. ಆ ವಲಯ ಮೋಟಾರುದಾರಿಯಲ್ಲಿ 4 ಕಿಲೋಮೀಟರ್, ಊರಾಚೆಯ ರಸ್ತೆಯಲ್ಲಿ 2 ಕಿಲೋಮೀಟರ್, ಊರೊಳಗೆ 300 ಮೀಟರ್. ಚಾಲಕ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಮಿತಿಯಲ್ಲಿರುತ್ತಾನೆ. ಸರ್ಕಾರಕ್ಕೆ ಬೇಕಾದದ್ದೂ ಅದೇ.

ತರಂಗ

ಜ್ಯಾಮರ್ ಬಗ್ಗೆ ತಾಂತ್ರಿಕವಾಗಿ ಒಂದು ಮಾತು. ಅದು ಗನ್ನಿನ ಮಿಡಿತ ಗುರುತಿಸಿ ಸುಳ್ಳು ಮಿಡಿತಗಳನ್ನು ತಿರುಗಿ ಎರಚುತ್ತದೆ. ಆಗ ಗನ್ನಿನಲ್ಲಿ ವೇಗದ ಬದಲು ದೋಷದ ಸಂಕೇತ ಬರುತ್ತದೆ. ಸೇತುವೆಯ ಕೆಳಗೆ ನಿಂತವರಿಗೆ ಮುಂಚೆ ನೀವು ನೂರರಲ್ಲಿ ಒಂದು ಕಾರು; ಈಗ ದಿನವಿಡೀ ಅಳತೆಗೆ ಸಿಗದ ಒಂದೇ ಒಂದು ಕಾರು.

ಡಿಟೆಕ್ಟರ್‌ನದೂ ಇದೇ ಪಾಡು. ಅದರ ಒಳಗಿರುವ ಸ್ಥಳೀಯ ಆಂದೋಲಕ, ಅಂದರೆ ತಾನೇ ಅಲೆ ಹುಟ್ಟಿಸುವ ಭಾಗ, ಸಣ್ಣ ಪ್ರಮಾಣದಲ್ಲಿ ಹೊರಕ್ಕೆ ಸೋರುತ್ತದೆ. ಆ ಸೋರಿಕೆ ಹಿಡಿದು ಡಿಟೆಕ್ಟರನ್ನೇ ಪತ್ತೆ ಮಾಡುವ ಉಪಕರಣಗಳು ಬಂದವು; ವಿಜಿ-2 ಎಂಬುದು ಅವುಗಳಲ್ಲಿ ಹೆಸರಾದದ್ದು. ಅದಕ್ಕೆ ಉತ್ತರವಾಗಿ ವಿಜಿ-2ಕ್ಕೆ ಕಾಣದ ಡಿಟೆಕ್ಟರ್‌ಗಳು ಬಂದವು. ಅದಕ್ಕೆ ಉತ್ತರವಾಗಿ ಸ್ಪೆಕ್ಟರ್ ಎಂಬ ಇನ್ನೊಂದು ಪತ್ತೆ ಉಪಕರಣ ಬಂತು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಆಟ ಇದು. ಎರಡೂ ಕಡೆಯವರಿಗೆ ಉಪಕರಣ ಮಾರುವವರು ಮಾತ್ರ ಸೋತದ್ದಿಲ್ಲ.

ಹಳೆಯ ಸ್ಟಿಯರಿಂಗ್

ನಾನು 26 ವರ್ಷ ಲಾರಿ ಓಡಿಸಿದವನು. ಕನ್ನಡಿಗೆ ಸಿ.ಡಿ. ನೇತುಹಾಕಿದರೆ ರಾಡಾರ್ ಗೊಂದಲವಾಗುತ್ತದೆ ಎಂದು ನಂಬಿದವರನ್ನು ಕಂಡಿದ್ದೇನೆ. ಚಕ್ರದ ಮುಚ್ಚಳದೊಳಗೆ ಅಲ್ಯುಮಿನಿಯಂ ಹಾಳೆ ತುರುಕಿದವನೂ ಗೊತ್ತು. ಅವನಿಗೆ ಗಡಗಡ ಸದ್ದಿನ ಲಾರಿ ಎಂಬ ಹೆಸರು ಬಂತೇ ಹೊರತು ಬೇರೇನೂ ಬರಲಿಲ್ಲ. ನಂಬರ್ ಪ್ಲೇಟಿಗೆ ಹೊಳಪಿನ ದ್ರವ ಬಳಿದವರ ಫೋಟೊ ಎಲ್ಲರಿಗಿಂತ ಚೆನ್ನಾಗಿ ಬಂದಿತ್ತು.

ನಮ್ಮ ಡಿಟೆಕ್ಟರ್ ಎಂದರೆ ಎದುರಿನವನ ದೀಪ. ಎರಡು ಸಲ ಮಿಟುಕಿಸಿದರೆ ಮುಂದೆ ಏನೋ ಇದೆ ಎಂದು ಅರ್ಥ. ಏನು ಎಂದು ದೀಪ ಹೇಳುವುದಿಲ್ಲ, ಅದೇ ಅದರ ಗುಣ. ಒಂದು ರಾತ್ರಿ ಇಳಿಜಾರಿನಲ್ಲಿ ಎದುರಿನಿಂದ ಮೂವರು ಒಬ್ಬರ ಹಿಂದೊಬ್ಬರು ಮಿಟುಕಿಸಿದರು. ಪೊಲೀಸರು ಎಂದುಕೊಂಡು ನಾನು ಗೇರ್ ಇಳಿಸಿದೆ, ಕಣ್ಣು ಅಗಲಿಸಿ ನೋಡುತ್ತ ತಿರುವಿಗೆ ಹೋದೆ. ಪೊಲೀಸರಿರಲಿಲ್ಲ. ಯಾರದೋ ಲಾರಿಯಿಂದ ಜಾರಿದ ಮರದ ದಿಮ್ಮಿಗಳು ರಸ್ತೆಗೆ ಅಡ್ಡ ಬಿದ್ದಿದ್ದವು. ನನ್ನನ್ನು ಅದಕ್ಕೂ ಸ್ವಲ್ಪ ಮುಂಚೆ ಹಿಂದಿಕ್ಕಿ ಹೋದ ಕಾರು ಆ ದಿಮ್ಮಿಗಳ ಮೇಲೆ ಹತ್ತಿ ನಿಂತಿತ್ತು. ಒಳಗಿದ್ದವನಿಗೆ ಪೆಟ್ಟು ಬಿದ್ದಿರಲಿಲ್ಲ, ಪುಣ್ಯ. ದೀಪ ಅವನಿಗೂ ಕಂಡಿತ್ತಂತೆ. ಡ್ಯಾಶ್‌ಬೋರ್ಡಿನ ಮೇಲಿನ ಪೆಟ್ಟಿಗೆ ಸುಮ್ಮನಿತ್ತಲ್ಲ, ಪೊಲೀಸರಿಲ್ಲ ಎಂದುಕೊಂಡನಂತೆ.

ಐದನೇ ಗೇರ್

ಅದು ಅವನ ಮೂರ್ಖತನ, ಪೆಟ್ಟಿಗೆಯದಲ್ಲ.

ಹಿಂಬದಿ ಸೀಟು

ಪೆಟ್ಟಿಗೆಯ ಪಕ್ಕದಲ್ಲಿ ಕೂತು ಪ್ರಯಾಣ ಮಾಡುವವರ ಕಡೆಯಿಂದ ಎರಡು ಮಾತು. ನಮ್ಮ ಮನೆಯವರು ನಾಲ್ಕು ವರ್ಷ ಡಿಟೆಕ್ಟರ್ ಇಟ್ಟುಕೊಂಡಿದ್ದರು, ಐದನೇ ಗೇರ್ ಅವರು ಹೇಳಿದ ಹಾಗೆ ಓದಲು ಕಲಿತವರೇ. ಆ ನಾಲ್ಕು ವರ್ಷ ನಮ್ಮ ಕಾರಿನಲ್ಲಿ ಒಂದು ಮಾತೂ ಪೂರ್ತಿಯಾಗಲಿಲ್ಲ. ಪೀಂ ಎಂದಿತೋ, ಬ್ರೇಕ್. ಹಿಂದೆ ಮಲಗಿದ ಮಗುವಿನ ತಲೆ ಮುಂದಕ್ಕೆ. ಸುತ್ತ ನೋಡಿದರೆ ಯಾವುದೋ ಅಂಗಡಿಯ ಬಾಗಿಲು. ಮತ್ತೆ ಆಕ್ಸಿಲರೇಟರ್. ಕ್ಯಾಮೆರಾದ ಮುಂದೆ ತಗ್ಗಿ, ದಾಟಿದ ಮೇಲೆ ಜಿಗಿಯುವುದಕ್ಕೆ ಕಾಂಗರೂ ಪರಿಣಾಮ ಎನ್ನುತ್ತಾರಂತೆ. ಹೊಟ್ಟೆಚೀಲದಲ್ಲಿ ಕೂತ ಮರಿಯ ಕಷ್ಟ ಯಾರೂ ಬರೆದಿಲ್ಲ.

ಒಂದು ದಿನ ಸುಮ್ಮನೆ ಕೇಳಿದೆ: ‘ಇಲ್ಲಿ ಮಿತಿ ಎಷ್ಟು?’ ಅವರಿಗೆ ಗೊತ್ತಿರಲಿಲ್ಲ. ಮರುವಾರ ಮತ್ತೆ ಕೇಳಿದೆ, ಆಗಲೂ ಗೊತ್ತಿರಲಿಲ್ಲ. ಮೊದಲೆಲ್ಲ ಅವರು ಪ್ರತಿ ಫಲಕವನ್ನೂ ಓದುತ್ತಿದ್ದರು. ಪೆಟ್ಟಿಗೆ ಬಂದ ಮೇಲೆ ಫಲಕ ನೋಡುವ ಅಗತ್ಯವೇ ಬೀಳಲಿಲ್ಲ. ಶಾಲೆಯಿರುವ ಕಡೆ ಮಿತಿ ಇಳಿದದ್ದನ್ನೂ ಅವರು ನೋಡಿರಲಿಲ್ಲ. ಆ ದಿನ ನಮ್ಮಿಬ್ಬರ ನಡುವೆ ಆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಮೈಲಿಗಲ್ಲು

ಇದನ್ನು ಓದಿ ನಿನ್ನೆಯ ಪ್ರಯಾಣವನ್ನು ನೆನಪು ಮಾಡಿಕೊಂಡೆ. ದಂಡ ಬಿದ್ದ ಆ ಸರಾಸರಿ ವೇಗದ ಭಾಗದಲ್ಲಿ, ಹೋಗುವಾಗಲೂ ಬರುವಾಗಲೂ, ದೊಡ್ಡ ಫಲಕ ಇದೆ. ಕ್ಯಾಮೆರಾದ ಚಿತ್ರವೂ ಇದೆ. ಎಂಟು ತಿಂಗಳಲ್ಲಿ ನಾನು ಅದನ್ನು ನೋಡಿದ್ದು ನಿನ್ನೆ.

ಐದನೇ ಗೇರ್

ಎಲ್ಲರೂ ಸೇರಿ ಒಬ್ಬರನ್ನು ಸನ್ಯಾಸಕ್ಕೆ ಕಳಿಸುವ ಮೊದಲು ನನ್ನದೂ ಕೇಳಿ. ಮಿತಿಗಳೆಲ್ಲ ಬುದ್ಧಿಯಿಂದ ಇಟ್ಟವಲ್ಲ. ಆರು ಪಥದ ನೇರ ರಸ್ತೆಗೆ 80, ಇಳಿಜಾರಿನ ತುದಿಯಲ್ಲಿ ಕ್ಯಾಮೆರಾ. ಇದು ಸುರಕ್ಷತೆಯಲ್ಲ, ಸುಂಕ. ನೂರಕ್ಕೆ ಎಂಬತ್ತೈದು ಜನ ಸಹಜವಾಗಿ ಯಾವ ವೇಗದೊಳಗೆ ಓಡಿಸುತ್ತಾರೋ ಅದರ ಆಸುಪಾಸಿನಲ್ಲಿ ಮಿತಿ ಇಡಬೇಕೆಂದು ನಿಮ್ಮ ಎಂಜಿನಿಯರುಗಳ ಪುಸ್ತಕದಲ್ಲೇ ಇದೆ.

ಬಿಳಿಗೆರೆ

ಇದೆ, ಮತ್ತು ಮೂರ್ಖ ಮಿತಿಗಳೂ ಇವೆ. ಕಾಮಗಾರಿ ಮುಗಿದು ವರ್ಷವಾದರೂ ತೆಗೆಯದ 60ರ ಫಲಕಗಳ ಪಟ್ಟಿಯನ್ನು ನಾನೇ ಕೊಡಬಲ್ಲೆ. ಆದರೆ ಎಂಬತ್ತೈದರ ನಿಯಮದಲ್ಲಿ ಒಂದು ತೊಡಕು: ಮಿತಿ ಏರಿಸಿದರೆ ಆ ಎಂಬತ್ತೈದು ಜನರೂ ತುಸು ಏರುತ್ತಾರೆ, ಮತ್ತೆ ಅಳೆದರೆ ಇನ್ನೂ ಏರಿಸಬೇಕು ಎಂದು ಬರುತ್ತದೆ.

ನಾನು ಮಿತಿ ಲೆಕ್ಕ ಹಾಕುವಾಗ ಮೊದಲು ನೋಡುವುದು ಚಾಲಕನಿಗೆ ಎಷ್ಟು ದೂರ ಕಾಣುತ್ತದೆ ಎಂಬುದನ್ನು. 100ರಲ್ಲಿ ಹೋಗುವವನು, ಎಚ್ಚೆತ್ತು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಹಿಡಿದು ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದರೆ, ಸುಮಾರು 97 ಮೀಟರಿನಲ್ಲಿ ನಿಲ್ಲುತ್ತಾನೆ. 120ರವನಿಗೆ ಹೆಚ್ಚುಕಡಿಮೆ 129 ಮೀಟರ್ ಬೇಕು. ಇಷ್ಟು ಎಲ್ಲರೂ ಕೇಳಿರುತ್ತಾರೆ. ಕೇಳದ ಭಾಗ ಇದು: ಮೊದಲನೆಯವನು ಪೂರ್ತಿ ನಿಂತ ಜಾಗದಲ್ಲಿ ಎರಡನೆಯವನು ಇನ್ನೂ 77ರಲ್ಲಿ ಹೋಗುತ್ತಿರುತ್ತಾನೆ. ಇಪ್ಪತ್ತರ ವ್ಯತ್ಯಾಸ ಅಲ್ಲಿ ಎಪ್ಪತ್ತೇಳಾಗುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣ ಎಂದು ಶಾಲೆಯಲ್ಲಿ ಓದಿದ್ದರ ಫಲಿತಾಂಶ ಇಷ್ಟೇ. ಸರಾಸರಿ ವೇಗ ಶೇಕಡಾ 1 ಏರಿದರೆ ಸಾವಿನ ಅಪಘಾತದ ಅಪಾಯ ಶೇಕಡಾ 4 ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

ಇಳಿಜಾರಿನ ತುದಿಯ ಕ್ಯಾಮೆರಾ ನನಗೂ ಇಷ್ಟವಿಲ್ಲ. ಒಂದೇ ಬಿಂದುವಿನ ಕ್ಯಾಮೆರಾ ಕಾಂಗರೂಗಳನ್ನು ಹುಟ್ಟಿಸುತ್ತದೆ. ಸರಾಸರಿ ಅಳೆಯುವುದೇ ಹೆಚ್ಚು ನ್ಯಾಯ ಎಂದು ನನ್ನ ಅಭಿಪ್ರಾಯ; ಒಂದು ಕ್ಷಣದ ಮೈಮರೆವಿಗೆ ಅದು ದಂಡ ಹಾಕುವುದಿಲ್ಲ.

ತಾಳೆಪಟ್ಟಿ

ಆ್ಯಪ್‌ಗಳ ಪ್ರಶ್ನೆ ಹಾಗೇ ಉಳಿದಿದೆ. ವೇಜ್ ಮುಂತಾದವು ನಿಂತಿರುವುದು ಬಳಕೆದಾರರು ಕೊಡುವ ಸುದ್ದಿಯ ಮೇಲೆ. ಸುದ್ದಿ ಎಷ್ಟು ಹೊಸದು ಎಂಬುದರ ಮೇಲೆ ಅದರ ಬೆಲೆ. ಹಗಲು ದಟ್ಟಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ದಟ್ಟಣೆಯಲ್ಲಿ ನೀವು ಜೋರಾಗಿ ಹೋಗಲಾರಿರಿ. ರಾತ್ರಿ ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗಬಹುದು. ಆಗ ಸುದ್ದಿ ಕೊಡಲು ಯಾರೂ ಇರುವುದಿಲ್ಲ. ಸ್ಥಿರ ಕ್ಯಾಮೆರಾಗಳ ಪಟ್ಟಿ, ಮುಂದೆ ಕೆಟ್ಟುನಿಂತ ವಾಹನ, ಈಗಿನ ಮಿತಿ, ಇವಕ್ಕೆ ಬಳಸಿ. ನಾನು ಬಳಸುವುದು ಅಷ್ಟಕ್ಕೆ.

ಇನ್ನೊಂದು ಮಾತು. ನಿಮ್ಮ ಕಾರಿನ ಸ್ಟಿಯರಿಂಗ್ ಮೇಲೆ ವೇಗ ನಿಯಂತ್ರಣದ ಗುಂಡಿಗಳಿವೆಯೇ? ಕ್ರೂಸ್ ಕಂಟ್ರೋಲ್ ಅಲ್ಲ, ಅದರ ಪಕ್ಕದ್ದು, ಲಿಮಿಟರ್. ಕ್ರೂಸ್ ತಾನೇ ಓಡಿಸುತ್ತದೆ. ಲಿಮಿಟರ್‌ನಲ್ಲಿ ಓಡಿಸುವವರು ನೀವೇ. ನೀವು ಹೇಳಿದ ವೇಗದ ಮೇಲೆ ಹೋಗಲು ಮಾತ್ರ ಅದು ಬಿಡುವುದಿಲ್ಲ, ಕಾಲನ್ನು ಪೂರ್ತಿ ಒತ್ತಿದರೆ ಬಿಡುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ಮಿತಿಯನ್ನು ಗುರುತಿಸಿ ಚಾಲಕನಿಗೆ ತಿಳಿಸುವ ವ್ಯವಸ್ಥೆ ಕಡ್ಡಾಯ. ದಂಡ ತಪ್ಪಿಸುವ ಯಂತ್ರ ಬೇಕು ಎಂದಿರಿ. ಎಲ್ಲ ಬ್ಯಾಂಡಿನಲ್ಲೂ ಕೆಲಸ ಮಾಡುವುದು ಇದೊಂದೇ.

ಐದನೇ ಗೇರ್

ಅದನ್ನು ಹಾಕಿಕೊಂಡರೆ ಕಾರು ಓಡಿಸುವುದೇಕೆ, ರೈಲಿನಲ್ಲಿ ಹೋಗಬಹುದು.

ಹಿಂಬದಿ ಸೀಟು

ನಮ್ಮ ಮನೆಯವರೂ ಇದೇ ಮಾತನ್ನು ಹೇಳಿದ್ದರು. ಪದ ಸಹ ಬದಲಾಗಿಲ್ಲ.

ಮೈಲಿಗಲ್ಲು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಲಿಮಿಟರ್ ಗುಂಡಿ ಇತ್ತು. ಕಾರು ಕೊಂಡು ಮೂರು ವರ್ಷವಾದರೂ ಒತ್ತಿರಲಿಲ್ಲ. ಮೀಟರಿನಲ್ಲಿ 104ಕ್ಕೆ ಇಟ್ಟು ಹತ್ತು ಪ್ರಯಾಣ ಮಾಡಿದೆ. ಹಳೆಯ ಪ್ರಯಾಣಗಳ ಸಮಯ ಫೋನಿನಲ್ಲಿ ಇದ್ದುದರಿಂದ ಹೋಲಿಸಿದೆ. 260 ಕಿಲೋಮೀಟರಿಗೆ ಸರಾಸರಿ ಹನ್ನೊಂದು ನಿಮಿಷ ಹೆಚ್ಚು ಹಿಡಿಯುತ್ತಿದೆ. ಅರ್ಧ ಗಂಟೆಯಾದರೂ ಆಗುತ್ತದೆ ಎಂದುಕೊಂಡಿದ್ದೆ. ಪ್ರಯಾಣದ ಕೊನೆಯ ಸಿಗ್ನಲ್ಲುಗಳು ಹಿಂದೆಯೂ ಎಲ್ಲವನ್ನೂ ನುಂಗುತ್ತಿದ್ದವು ಎಂದು ಕಾಣುತ್ತದೆ.

ನಾನು ಸಾಧುವಾಗಿಲ್ಲ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಕಾಲು ಈಗಲೂ ತುರಿಸುತ್ತದೆ. ಎರಡು ಸಲ ಪೂರ್ತಿ ಒತ್ತಿಯೂ ಬಿಟ್ಟೆ. ಆದರೆ ಸೇತುವೆ ಕಂಡಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಸಂಕಟ ಈಗ ಇಲ್ಲ. ಮೊನ್ನೆ ಅದೇ ಸೇತುವೆಯ ಕಂಬದ ಪಕ್ಕ ಅವರು ನಿಂತಿದ್ದರು. ಗನ್ನು ನನ್ನ ಕಡೆಗೇ ಇತ್ತು. ನಾನು ಅವರ ಮುಖ ನೋಡಿದೆ; ನಿದ್ದೆಗಣ್ಣಿನಲ್ಲಿದ್ದರು.

ಐದನೇ ಗೇರ್

ಡಿಟೆಕ್ಟರ್ ಏನು ಮಾಡಿದಿರಿ? ಮಾರುವುದಾದರೆ ಹಳೆಯ ಮಾದರಿಯಾದರೂ ಬಿಡಿಭಾಗಕ್ಕೆ ಬೇಕಾಗಿತ್ತು.

ಮೈಲಿಗಲ್ಲು

ತಡಮಾಡಿದಿರಿ. ನಮ್ಮ ಕಚೇರಿಯ ಮುಂಬಾಗಿಲು ಯಾರು ಹೋದರೂ ತೆರೆಯುತ್ತಿರಲಿಲ್ಲ. ದುರಸ್ತಿಗೆ ಬಂದಾತ ಬಾಗಿಲ ಮೇಲಿನ ಸಂವೇದಕ ಅಲೆ ಬಿಡುತ್ತಿದೆಯೋ ಇಲ್ಲವೋ ತಿಳಿಯದೆ ಏಣಿಯ ಮೇಲೆ ಕೂತಿದ್ದ. ಕಾರಿನಿಂದ ಪೆಟ್ಟಿಗೆ ತಂದು, ಬ್ಯಾಟರಿಗೆ ಜೋಡಿಸಿ ಬಾಗಿಲಿನ ಎದುರು ಹಿಡಿದೆ. ಸದ್ದಿಲ್ಲ. ಪಕ್ಕದ ಕಟ್ಟಡದ ಬಾಗಿಲಿಗೆ ಹಿಡಿದೆ, ಕಿರುಚಿತು. ಸಂವೇದಕ ಸತ್ತಿದೆ ಎಂದು ಎರಡು ನಿಮಿಷದಲ್ಲಿ ಗೊತ್ತಾಯಿತು. ಆತ ಅದನ್ನು ಅಲ್ಲೇ ನಗದು ಕೊಟ್ಟು ಕೊಂಡುಹೋದ.